ಬೆಳದಿಂಗಳ ಕಲ್ಲು: ಬೆರಳಿಗೋ, ಕಿವಿಗೋ?

ಮದುವೆ ಮನೆಯಲ್ಲೋ ಕಿಟ್ಟಿ ಪಾರ್ಟಿಯಲ್ಲೋ ಪಕ್ಕ ಕೂತವರ ಬೆರಳಲ್ಲಿ ಹಾಲುಬಿಳುಪಿನ ಕಲ್ಲೊಂದು ನಿಮ್ಮ ಕಣ್ಣಿಗೆ ಬಿದ್ದಿರಬಹುದು. ವಜ್ರದ ಹಾಗೆ ಫಳಫಳ ಅನ್ನುವುದಿಲ್ಲ. ಹಾಗಂತ ಬರೀ ಬಿಳಿಯ ಮಣಿಯೂ ಅಲ್ಲ. ಕೈ ಅಲುಗಿದಾಗಲೆಲ್ಲ ಅದರೊಳಗೆ ತಿಳಿ ನೀಲಿ ಬೆಳಕೊಂದು ಆ ಕಡೆಯಿಂದ ಈ ಕಡೆಗೆ ತೇಲುತ್ತದೆ. 'ಏನ್ರೀ ಇದು, ಇಷ್ಟು ಚೆನ್ನಾಗಿದೆ, ಎಲ್ಲಿ ತಗೊಂಡ್ರಿ?' ಎಂದು ಕೇಳಿದರೆ ಸಿಗುವ ಉತ್ತರ: 'ಮೂನ್‌ಸ್ಟೋನ್'.

ನಮ್ಮ ಹಳೆಯ ಹೆಸರು ಚಂದ್ರಕಾಂತ. ಬೆಳ್ಳಿಯ ಜೊತೆಗೆ ತುಂಬಾ ಒಪ್ಪುತ್ತದೆ. ಕಾಟನ್ ಸೀರೆಗೂ ಸೈ, ಚೂಡಿದಾರಕ್ಕೂ ಸೈ. ವಜ್ರ, ಕೆಂಪು, ಪಚ್ಚೆಗಳಷ್ಟು ದುಬಾರಿಯೂ ಅಲ್ಲ. ಹೀಗಾಗಿ ಅಂಗಡಿಯಲ್ಲಿ ನೋಡಿದ ತಕ್ಷಣ 'ಒಂದು ಇರಲಿ' ಅನ್ನಿಸಿಬಿಡುತ್ತದೆ. ತಪ್ಪೇನಿಲ್ಲ, ಕೊಳ್ಳಿ. ಆದರೆ ಪರ್ಸ್ ತೆಗೆಯುವ ಮುಂಚೆ ಈ ಕಲ್ಲಿನ ಗುಣ, ಸ್ವಭಾವಗಳನ್ನು ಒಂದಿಷ್ಟು ತಿಳಿದುಕೊಂಡರೆ ಒಳ್ಳೆಯದು. ಏಕೆಂದರೆ ಚಂದ್ರಕಾಂತ ನೋಡಲು ಎಷ್ಟು ಚೆಂದವೋ, ಬಾಳಿಕೆಯಲ್ಲಿ ಅಷ್ಟೇ ನಾಜೂಕು. ಅದರ ಹೆಸರಿನಲ್ಲಿ ಬೇರೆ ಕಲ್ಲು, ಬರೀ ಗಾಜು ಕೂಡ ಮಾರಾಟವಾಗುತ್ತವೆ.

ಇದರ ನೆಂಟರು ನಿಮ್ಮ ಅಡುಗೆಮನೆಯಲ್ಲೇ ಇದ್ದಾರೆ!

ಚಂದ್ರಕಾಂತ ಕಲ್ಲು 'ಫೆಲ್ಡ್‌ಸ್ಪಾರ್' ಎಂಬ ಖನಿಜದ ಕುಟುಂಬಕ್ಕೆ ಸೇರಿದ್ದು. ಹೆಸರು ಹೊಸದು ಅನ್ನಿಸಬಹುದು, ಖನಿಜ ಮಾತ್ರ ನಮಗೆಲ್ಲ ಹಳೆಯ ಪರಿಚಯ. ಭೂಮಿಯ ಹೊರಪದರದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇರುವುದು ಫೆಲ್ಡ್‌ಸ್ಪಾರೇ.

ನಿಮ್ಮ ಅಡುಗೆಕಟ್ಟೆಗೆ ಗ್ರಾನೈಟ್ ಹಾಕಿಸಿದ್ದೀರಾ? ಹಾಗಿದ್ದರೆ ಹತ್ತಿರ ಹೋಗಿ ನೋಡಿ. ಅದರಲ್ಲಿ ಬಿಳಿ, ಬೂದು ಅಥವಾ ಗುಲಾಬಿ ಬಣ್ಣದ ದಪ್ಪ ಕಾಳುಗಳು ಕಾಣುತ್ತವಲ್ಲ, ಅವುಗಳಲ್ಲಿ ಹೆಚ್ಚಿನವು ಫೆಲ್ಡ್‌ಸ್ಪಾರ್. ಇಳಕಲ್ಲಿನ ಗ್ರಾನೈಟಿಗೆ ಆ ಗುಲಾಬಿಗೆಂಪು ಬಣ್ಣ ಬಂದಿರುವುದೂ ಈ ಖನಿಜದಿಂದಲೇ. ನೀವು ಕಾಫಿ ಕುಡಿಯುವ ಪಿಂಗಾಣಿ ಕಪ್ಪು, ಬಚ್ಚಲುಮನೆಯ ವಾಷ್ ಬೇಸಿನ್, ನೆಲದ ಟೈಲ್ಸ್ ತಯಾರಿಕೆಯಲ್ಲೂ ಫೆಲ್ಡ್‌ಸ್ಪಾರ್ ಪುಡಿ ಬಳಸುತ್ತಾರೆ. ಬಿಸಿಯಲ್ಲಿ ಕರಗಿ ಮಣ್ಣಿನ ಕಣಗಳನ್ನು ಬೆಸೆಯುವುದು ಅದರ ಕೆಲಸ. ಇನ್ನೂ ಒಂದು ವಿಷಯ. ಬಂಡೆಯಲ್ಲಿರುವ ಫೆಲ್ಡ್‌ಸ್ಪಾರ್ ಮಳೆ, ಗಾಳಿಗೆ ಸಾವಿರಾರು ವರ್ಷ ಸವೆದು ಜೇಡಿಮಣ್ಣಾಗುತ್ತದೆ. ಗೌರಿ-ಗಣೇಶ ಹಬ್ಬಕ್ಕೆ ತರುವ ಮಣ್ಣಿನ ಮೂರ್ತಿಯೂ ಇದೇ ವಂಶದ್ದು ಅನ್ನಿ!

'ಇಷ್ಟು ಸಾಮಾನ್ಯವಾದ ಖನಿಜ ರತ್ನ ಹೇಗಾಯಿತು?' ಎಂದು ನೀವು ಕೇಳಬಹುದು. ಎಲ್ಲ ಫೆಲ್ಡ್‌ಸ್ಪಾರೂ ರತ್ನವಾಗುವುದಿಲ್ಲ. ಕಲ್ಲು ತಿಳಿಯಾಗಿರಬೇಕು, ಒಳಗಿನ ರಚನೆ ಒಂದು ವಿಶೇಷ ರೀತಿಯಲ್ಲಿ ಕೂಡಿಬಂದಿರಬೇಕು. ಅಂಥದ್ದು ಸಿಗುವುದು ಅಪರೂಪ.

ಒಳಗೆ ತೇಲುವ ಬೆಳಕಿನ ಗುಟ್ಟು

ಚಂದ್ರಕಾಂತದ ಒಳಗೆ ಎರಡು ಬಗೆಯ ಫೆಲ್ಡ್‌ಸ್ಪಾರ್ ಇರುತ್ತವೆ. ಒಂದರಲ್ಲಿ ಪೊಟ್ಯಾಸಿಯಂ ಹೆಚ್ಚು, ಇನ್ನೊಂದರಲ್ಲಿ ಸೋಡಿಯಂ ಹೆಚ್ಚು. ಭೂಮಿಯ ಆಳದಲ್ಲಿ ಕಲ್ಲು ಬಿಸಿಯಾಗಿದ್ದಾಗ ಎರಡೂ ಬೆರೆತು ಒಂದಾಗಿರುತ್ತವೆ. ನಿಧಾನವಾಗಿ ತಣ್ಣಗಾಗುತ್ತಾ ಬಂದ ಹಾಗೆ ಬೇರೆಯಾಗುತ್ತವೆ. ಬಿಸಿ ಸಾರಿಗೆ ಹಾಕಿದ ತುಪ್ಪ ಬೆರೆತಂತೆ ಕಂಡು, ಸಾರು ಆರಿದ ಮೇಲೆ ತಾನೇ ಬೇರೆ ಪದರವಾಗಿ ನಿಲ್ಲುತ್ತದಲ್ಲ, ಹೆಚ್ಚುಕಡಿಮೆ ಹಾಗೆ. ಆದರೆ ಇಲ್ಲಿ ಒಂದೇ ಪದರವಲ್ಲ. ಚಿರೋಟಿಯ ಎಳೆಗಳಂತೆ ಒಂದರ ಮೇಲೊಂದು ಲೆಕ್ಕವಿಲ್ಲದಷ್ಟು ಪದರಗಳು. ಒಂದೊಂದೂ ನಮ್ಮ ತಲೆಗೂದಲಿಗಿಂತ ನೂರು ಪಟ್ಟಿಗೂ ಹೆಚ್ಚು ತೆಳು.

ಬೆಳಕು ಈ ಪದರಗಳಿಗೆ ತಾಗಿ ಚೆದುರಿದಾಗ ಕಲ್ಲಿನೊಳಗೆ ಬೆಳದಿಂಗಳು ತುಂಬಿದ ಹಾಗೆ ಕಾಣುತ್ತದೆ. ಪದರ ತೀರಾ ತೆಳುವಾಗಿದ್ದರೆ ನೀಲಿ ಹೊಳಪು, ಸ್ವಲ್ಪ ದಪ್ಪವಾಗಿದ್ದರೆ ಬಿಳಿ ಹೊಳಪು. ನೀಲಿ ಹೊಳಪಿನ ಕಲ್ಲಿಗೆ ಬೆಲೆ ಹೆಚ್ಚು ಎಂದು ಅಂಗಡಿಯವರು ಹೇಳಿದರೆ ಅದು ಸುಳ್ಳಲ್ಲ. ಮೈ ಗಾಜಿನಷ್ಟು ತಿಳಿಯಾಗಿದ್ದು, ನೀಲಿ ಬೆಳಕು ಗುಮ್ಮಟದ ನಡುಮಧ್ಯೆ ಕಾಣುವ ಕಲ್ಲು ಎಲ್ಲಕ್ಕಿಂತ ಉತ್ತಮ.

ಈ ಬೆಳಕು ಚೆನ್ನಾಗಿ ಕಾಣಲಿ ಎಂದೇ ಚಂದ್ರಕಾಂತವನ್ನು ಹೆಚ್ಚಾಗಿ ವಜ್ರದಂತೆ ಮುಖಮುಖ ಕತ್ತರಿಸುವುದಿಲ್ಲ. ತಳ ಚಪ್ಪಟೆ, ಮೇಲೆ ಗುಮ್ಮಟ ಬರುವ ಹಾಗೆ ಸಾಣೆ ಹಿಡಿಯುತ್ತಾರೆ. ಪದರಗಳ ದಿಕ್ಕು ನೋಡಿಕೊಂಡು ಸಾಣೆ ಹಿಡಿಯದಿದ್ದರೆ ಬೆಳಕು ಒಂದು ಪಕ್ಕಕ್ಕೆ ವಾಲಿಬಿಡುತ್ತದೆ. ಕೊಳ್ಳುವಾಗ ಕಲ್ಲನ್ನು ನೇರವಾಗಿ ಮೇಲಿನಿಂದ ನೋಡಿ. ಬೆಳಕು ಮಧ್ಯದಲ್ಲಿದೆಯೇ, ಅಂಚಿನಲ್ಲಿ ಅಡಗಿದೆಯೇ ಗಮನಿಸಿ. ಅಂಚಿನಲ್ಲಿದ್ದರೆ ಬೆಲೆ ಇಳಿಸಿ ಕೇಳಲು ನಿಮಗೆ ಕಾರಣ ಸಿಕ್ಕಿತು!

ಎಲ್ಲೆಲ್ಲಿ ಸಿಗುತ್ತದೆ?

ನೀಲಿ ಚಂದ್ರಕಾಂತಕ್ಕೆ ಹಿಂದಿನಿಂದಲೂ ಹೆಸರಾದದ್ದು ಶ್ರೀಲಂಕಾ. ಅಲ್ಲಿನ ದಕ್ಷಿಣ ಕರಾವಳಿಗೆ ಹತ್ತಿರದ ಮೀಟಿಯಾಗೊಡ ಎಂಬ ಊರಿನ ಗಣಿಗಳ ಕಲ್ಲು ಜಗತ್ಪ್ರಸಿದ್ಧ. ಶ್ರೀಲಂಕಾ ಪ್ರವಾಸಕ್ಕೆ ಹೋಗುವವರು ಒಂದು ವಿಷಯ ನೆನಪಿಡಿ. ಅಲ್ಲಿ ಗೈಡುಗಳು ಅನುರಾಧಪುರದಲ್ಲಿ 'ಮೂನ್‌ಸ್ಟೋನ್' ಎಂದು ತೋರಿಸುವುದು ರತ್ನವನ್ನಲ್ಲ. ಅದು ಬೌದ್ಧ ಕಟ್ಟಡಗಳ ಮೆಟ್ಟಿಲ ಬುಡದಲ್ಲಿರುವ, ಕೆತ್ತನೆ ಮಾಡಿದ ಅರ್ಧಚಂದ್ರಾಕಾರದ ಕಲ್ಲುಹಾಸು. ಹೆಸರೊಂದೇ, ವಸ್ತು ಬೇರೆ.

ನಮ್ಮ ದೇಶದಲ್ಲಿಯೂ ಚಂದ್ರಕಾಂತ ಸಿಗುತ್ತದೆ. ಪಕ್ಕದ ತಮಿಳುನಾಡಿನ ಕಾಂಗೇಯಂ ಸುತ್ತಮುತ್ತಲಿನ ಪ್ರದೇಶ ಇದಕ್ಕೆ ಹೆಸರುವಾಸಿ. ಭಾರತದ ಕಲ್ಲುಗಳಲ್ಲಿ ಬಿಳಿಯ ಜೊತೆಗೆ ಬೂದು, ಕಂದು, ತಿಳಿ ಹಸಿರು, ಪೀಚ್ ಹಣ್ಣಿನ ಬಣ್ಣದವೂ ಇವೆ. ಕೆಲವು ಕಲ್ಲುಗಳ ಮೇಲೆ ಬೆಕ್ಕಿನ ಕಣ್ಣಿನಂತೆ ಬೆಳಕಿನ ಗೆರೆಯೊಂದು ಮೂಡುತ್ತದೆ. ಗೋಧಿಬಣ್ಣದ ಮೈಗೆ ಪೀಚ್ ಮತ್ತು ಬೂದುಬಣ್ಣದ ಕಲ್ಲು ಬಿಳಿಯದಕ್ಕಿಂತ ಚೆನ್ನಾಗಿ ಒಪ್ಪುತ್ತದೆ. ನೀಲಿಯೇ ಬೇಕೆಂದು ಹಟ ಹಿಡಿಯದಿದ್ದರೆ ಖರ್ಚೂ ಕಡಿಮೆ.

ಕಥೆಯ ಕಲ್ಲು

ಚಂದ್ರಕಾಂತ ಅಂದ ಕೂಡಲೇ ಹಳೆಯ ಕಾವ್ಯಗಳು ನೆನಪಾಗುತ್ತವೆ. ಚಂದ್ರನ ಕಿರಣ ಸೋಕಿದರೆ ಚಂದ್ರಕಾಂತ ಶಿಲೆ ಕರಗಿ ನೀರು ಒಸರುತ್ತದೆ ಎಂದು ಸಂಸ್ಕೃತ ಕವಿಗಳು ಮತ್ತೆ ಮತ್ತೆ ವರ್ಣಿಸಿದ್ದಾರೆ. ನಮ್ಮ ಹಳಗನ್ನಡ ಕವಿಗಳಿಗೂ ಈ ವರ್ಣನೆ ಪ್ರಿಯ. ಕೇಳಲು ಸೊಗಸು. ಆದರೆ ಅಂಗಡಿಯವರು 'ಹುಣ್ಣಿಮೆ ರಾತ್ರಿ ಹೊರಗಿಟ್ಟು ನೋಡಿ, ಅಸಲಿಯಾದರೆ ನೀರು ಬರುತ್ತೆ' ಎಂದು ಹೇಳಿದರೆ ನಂಬಬೇಡಿ. ಫೆಲ್ಡ್‌ಸ್ಪಾರ್ ಬೆಳದಿಂಗಳಿಗೆ ಕರಗುವುದಿಲ್ಲ. ಚಳಿಯ ರಾತ್ರಿ ಹೊರಗಿಟ್ಟ ಯಾವ ಕಲ್ಲಿನ ಮೇಲಾದರೂ ಇಬ್ಬನಿ ಕೂರುತ್ತದೆ. ಒರಳುಕಲ್ಲಿನ ಮೇಲೂ ಕೂರುತ್ತದೆ!

ಇಂಗ್ಲಿಷಿನ ವಿಲ್ಕಿ ಕಾಲಿನ್ಸ್ 1868ರಲ್ಲಿ 'ದಿ ಮೂನ್‌ಸ್ಟೋನ್' ಎಂಬ ಪತ್ತೇದಾರಿ ಕಾದಂಬರಿ ಬರೆದ. ಅದರ ಕಥೆ ಶುರುವಾಗುವುದು 1799ರ ನಮ್ಮ ಶ್ರೀರಂಗಪಟ್ಟಣದ ಯುದ್ಧದಿಂದ. ತಮಾಷೆ ಏನೆಂದರೆ ಹೆಸರು ಮೂನ್‌ಸ್ಟೋನ್ ಆದರೂ ಆ ಕಾದಂಬರಿಯಲ್ಲಿ ಕಳುವಾಗುವುದು ಹಳದಿ ಬಣ್ಣದ ಒಂದು ವಜ್ರ! ಇನ್ನು ಅಮೆರಿಕದ ಫ್ಲೋರಿಡಾ ರಾಜ್ಯ 1970ರಲ್ಲಿ ಮೂನ್‌ಸ್ಟೋನನ್ನು ತನ್ನ ರಾಜ್ಯರತ್ನವೆಂದು ಘೋಷಿಸಿತು. ಅಲ್ಲಿ ಅದು ಸಿಗುವುದೂ ಇಲ್ಲ, ಚಂದ್ರನಿಂದ ಅದು ಬಂದದ್ದೂ ಅಲ್ಲ. 1969ರಲ್ಲಿ ಮನುಷ್ಯನನ್ನು ಚಂದ್ರನ ಮೇಲೆ ಇಳಿಸಿದ ನೌಕೆ ಆ ರಾಜ್ಯದಿಂದ ಹಾರಿತ್ತು, ಅದರ ನೆನಪಿಗೆ ಈ ಗೌರವ ಅಷ್ಟೇ. ಅದಕ್ಕೂ ಮುಂಚೆ, ಸುಮಾರು 1900ರ ಹೊತ್ತಿನಲ್ಲಿ ಫ್ರಾನ್ಸಿನ ರೆನೆ ಲಾಲಿಕ್, ಅಮೆರಿಕದ ಲೂಯಿ ಟಿಫಾನಿಯಂಥ ಆಭರಣ ಕಲಾವಿದರು ಚಂದ್ರಕಾಂತವನ್ನು ಮನಸಾರೆ ಬಳಸಿದರು. ಫ್ಯಾಷನ್ ಹೋಗುತ್ತದೆ, ಬರುತ್ತದೆ, ಈ ಕಲ್ಲು ಮಾತ್ರ ಹೊಸ ರೂಪದಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ.

ನಾಜೂಕು ಅಂದರೆ ಎಷ್ಟು ನಾಜೂಕು?

ಈಗ ಮುಖ್ಯ ವಿಷಯಕ್ಕೆ ಬರೋಣ. ರತ್ನಗಳ ಗಡಸುತನವನ್ನು ಮೋಹ್ಸ್ ಎಂಬ ವಿಜ್ಞಾನಿಯ ಹೆಸರಿನ 1ರಿಂದ 10ರ ಅಳತೆಯಲ್ಲಿ ಹೇಳುತ್ತಾರೆ. ವಜ್ರ 10, ಕೆಂಪು ಮತ್ತು ನೀಲ 9, ಸ್ಫಟಿಕ 7. ನಮ್ಮ ಚಂದ್ರಕಾಂತ 6 ಅಥವಾ ಆರೂವರೆ. 'ಒಂದು ಅಂಕ ತಾನೇ ಕಮ್ಮಿ?' ಅನ್ನಬೇಡಿ. ಮರಳಿನಲ್ಲಿ, ಮನೆಗೆ ಬರುವ ಧೂಳಿನಲ್ಲಿ ಸ್ಫಟಿಕದ ಕಣಗಳು ಇರುತ್ತವೆ. ಅವುಗಳ ಗಡಸುತನ 7. ಅಂದರೆ ದಿನನಿತ್ಯದ ಧೂಳೇ ಈ ಕಲ್ಲಿನ ಮೇಲೆ ಗೀರು ಎಳೆಯಬಲ್ಲದು. ಧೂಳು ಕೂತ ಕಲ್ಲನ್ನು ಸೆರಗಿನಿಂದ ಒರೆಸಿದರೂ ಸಾಕು, ಕಣ್ಣಿಗೆ ಕಾಣದ ಗೀರು ಬೀಳುತ್ತದೆ. ವರ್ಷ ಕಳೆಯುವುದರೊಳಗೆ ಮೇಲ್ಮೈ ಮಂಕಾಗಿ, ಒಳಗಿನ ಬೆಳದಿಂಗಳಿಗೆ ಮೋಡ ಕವಿದ ಹಾಗಾಗುತ್ತದೆ.

ಇನ್ನೊಂದು ದೌರ್ಬಲ್ಯ ಇದಕ್ಕಿಂತ ದೊಡ್ಡದು. ಸೌದೆ ಎಳೆಯ ಗುಂಟ ಸೀಳುತ್ತದೆ, ಅಡ್ಡಕ್ಕೆ ಸೀಳುವುದಿಲ್ಲ ಅಲ್ಲವೇ? ಹಾಗೆಯೇ ಫೆಲ್ಡ್‌ಸ್ಪಾರ್ ಜಾತಿಯ ಎಲ್ಲ ಕಲ್ಲುಗಳಲ್ಲೂ ಸುಲಭವಾಗಿ ಸೀಳಿಹೋಗುವ ಎರಡು ದಿಕ್ಕುಗಳಿವೆ. ಒಂದಕ್ಕೊಂದು ಹೆಚ್ಚುಕಡಿಮೆ ಲಂಬವಾಗಿ. ಬಾಗಿಲ ಚಿಲಕಕ್ಕೆ, ನಲ್ಲಿಗೆ, ಕುಕ್ಕರಿನ ಅಂಚಿಗೆ ಸರಿಯಾದ ದಿಕ್ಕಿನಲ್ಲಿ ಒಂದು ಪೆಟ್ಟು ಬಿದ್ದರೆ ಕಲ್ಲು ಬಿರುಕು ಬಿಡುತ್ತದೆ, ಕೆಲವೊಮ್ಮೆ ಎರಡು ಹೋಳೇ ಆಗುತ್ತದೆ. ಗಡಸುತನ ಬೇರೆ, ಗಟ್ಟಿತನ ಬೇರೆ ಎನ್ನುವುದು ಇದಕ್ಕೇ.

ಹಾಗಾದರೆ ಪ್ರಶ್ನೆ ಇಷ್ಟೇ: ಗೃಹಿಣಿಯ ದೇಹದಲ್ಲಿ ಅತಿ ಹೆಚ್ಚು ಕೆಲಸ ಮಾಡುವ ಭಾಗ ಯಾವುದು? ಕೈ! ಬೆಳಗಿನಿಂದ ರಾತ್ರಿಯವರೆಗೆ ಪಾತ್ರೆ, ಬಟ್ಟೆ, ಮಿಕ್ಸಿ, ಒಲೆ, ಗ್ಯಾಸ್ ಲೈಟರ್. ಅದೇ ಕೈಯ ಬೆರಳಿಗೆ ಇಂಥ ನಾಜೂಕಿನ ಕಲ್ಲನ್ನು ಹಾಕಿಕೊಂಡರೆ ಪಾಪ, ಅದಾದರೂ ಎಷ್ಟು ದಿನ ಬಾಳೀತು? ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್‌ನಲ್ಲಿ ಚಂದ್ರಕಾಂತಕ್ಕಿಂತ ಗಟ್ಟಿಯಾದ ಪುಡಿ ಇರುತ್ತದೆ. ಒಂದೇ ಬಾರಿ ತಾಗಿದರೂ ಗೀರು.

ಆದ್ದರಿಂದ ನಮ್ಮ ಸಲಹೆ ನೇರವಾದದ್ದು. ಮೊದಲ ಬಾರಿ ಚಂದ್ರಕಾಂತ ಕೊಳ್ಳುವವರು ಓಲೆ, ಜುಮುಕಿ ಅಥವಾ ಪೆಂಡೆಂಟ್ ಕೊಳ್ಳಿ. ಕಿವಿಗೂ ಕೊರಳಿಗೂ ಪೆಟ್ಟು ಬೀಳುವ ಸಂದರ್ಭ ಕಡಿಮೆ. ಮುಖದ ಹತ್ತಿರ ಇರುವುದರಿಂದ ಅದರ ಬೆಳಕೂ ನಾಲ್ಕು ಜನರಿಗೆ ಕಾಣುತ್ತದೆ. ಉಂಗುರವೇ ಬೇಕು ಅನ್ನುವವರು ಹೀಗೆ ಮಾಡಿ:

* ಕಲ್ಲಿನ ಸುತ್ತಲೂ ಬೆಳ್ಳಿ ಅಥವಾ ಚಿನ್ನದ ಅಂಚು ಕಟ್ಟಿರುವ ವಿನ್ಯಾಸ ಆರಿಸಿ. ನಾಲ್ಕು ಕೊಕ್ಕೆಗಳ ಮೇಲೆ ಎತ್ತರಕ್ಕೆ ನಿಂತ ಕಲ್ಲಿಗೆ ಅಪಾಯ ಹೆಚ್ಚು.
* ಗುಮ್ಮಟ ತುಂಬಾ ಎತ್ತರ ಇರುವುದು ಬೇಡ.
* ಬಲಗೈಯಲ್ಲಿ ಕೆಲಸ ಮಾಡುವವರು ಎಡಗೈಗೆ, ಎಡಗೈಯವರು ಬಲಗೈಗೆ ಹಾಕಿಕೊಳ್ಳಿ.
* ಹೊರಗೆ ಹೋಗುವಾಗ ಹಾಕಿ, ಮನೆಗೆ ಬಂದ ಕೂಡಲೇ ತೆಗೆದಿಡಿ. ಅಡುಗೆಮನೆಗೆ ಪ್ರವೇಶವಿಲ್ಲ!

ಹೆಸರು ಒಂದು, ಕಲ್ಲು ಇನ್ನೊಂದು

'ರೇನ್‌ಬೋ ಮೂನ್‌ಸ್ಟೋನ್' ಎಂಬ ಹೆಸರು ನೀವು ಕೇಳಿರುತ್ತೀರಿ. ಬಿಳಿ ಮೈಮೇಲೆ ನೀಲಿಯ ಜೊತೆಗೆ ಹಳದಿ, ನೇರಳೆ ಬಣ್ಣಗಳೂ ಮಿನುಗುತ್ತವೆ. ಇದು ನಿಜವಾಗಿ ಚಂದ್ರಕಾಂತವಲ್ಲ, ಅದರ ದಾಯಾದಿಯಾದ ಲ್ಯಾಬ್ರಡೊರೈಟ್ ಎಂಬ ಕಲ್ಲಿನ ಬಿಳಿ ಬಗೆ. ಇದೂ ಫೆಲ್ಡ್‌ಸ್ಪಾರೇ, ಇದೂ ಅಸಲಿ ಕಲ್ಲೇ, ನೋಡಲು ಚೆಂದವೂ ಹೌದು. ಮೋಸ ಅನ್ನುವ ಹಾಗಿಲ್ಲ. ಆದರೆ ಶ್ರೀಲಂಕಾದ ನೀಲಿ ಚಂದ್ರಕಾಂತದ ಬೆಲೆಯನ್ನು ಇದಕ್ಕೆ ಕೊಡಬೇಡಿ.

ಲ್ಯಾಬ್ರಡೊರೈಟ್ ಎಂಬ ಹೆಸರು ಬಂದದ್ದು ಕೆನಡಾದ ಲ್ಯಾಬ್ರಡಾರ್ ಪ್ರದೇಶದಿಂದ. ಮಾಮೂಲಿ ಬಗೆಯದು ಬೂದುಗಪ್ಪು ಮೈಯದು. ಒಂದು ಕೋನದಲ್ಲಿ ನೋಡಿದರೆ ಸಪ್ಪೆ, ಸ್ವಲ್ಪ ತಿರುಗಿಸಿದರೆ ನವಿಲುಗರಿಯ ನೀಲಿ-ಹಸಿರು. ಈಗ ಬೆಳ್ಳಿ ಆಭರಣಗಳಲ್ಲಿ ಇದಕ್ಕೆ ಬಹಳ ಬೇಡಿಕೆ. ಹೊಸ ಮನೆ ಕಟ್ಟಿಸುವವರು 'ಬ್ಲೂ ಪರ್ಲ್' ಎಂಬ ದುಬಾರಿ ಗ್ರಾನೈಟ್ ನೋಡಿರಬಹುದು. ಅದು ನಾರ್ವೆ ದೇಶದ ಕಲ್ಲು. ಅದರಲ್ಲಿ ನೀಲಿಯಾಗಿ ಮಿನುಗುವುದೂ ಫೆಲ್ಡ್‌ಸ್ಪಾರ್ ಕಾಳುಗಳೇ.

ಇದೇ ಕುಟುಂಬದ ಇನ್ನಿಬ್ಬರು ಅಮೆಜಾನೈಟ್ ಮತ್ತು ಸನ್‌ಸ್ಟೋನ್. ಅಮೆಜಾನೈಟ್ ತಿಳಿ ನೀಲಿ-ಹಸಿರು ಬಣ್ಣದ್ದು. ಈಜಿಪ್ಟಿನವರು ಸಾವಿರಾರು ವರ್ಷಗಳ ಹಿಂದೆಯೇ ಇದರ ಮಣಿ, ಆಭರಣ ಮಾಡುತ್ತಿದ್ದರು. ಸನ್‌ಸ್ಟೋನಿನೊಳಗೆ ತಾಮ್ರ ಅಥವಾ ಕಬ್ಬಿಣದ ಅಂಶದ ಸಣ್ಣ ಹಾಳೆಗಳಿದ್ದು ಕಿತ್ತಳೆ ಬಣ್ಣದ ಕಿಡಿ ಹಾರಿಸುತ್ತವೆ. ಆದರೆ ಎಚ್ಚರ! ಸನ್‌ಸ್ಟೋನ್ ಎಂದು ಹೇಳಿ ತಾಮ್ರದ ಕಣ ಬೆರೆಸಿದ ಕಂದುಬಣ್ಣದ ಗಾಜನ್ನು ಮಾರುವುದುಂಟು. ಅದರ ಹೆಸರು ಗೋಲ್ಡ್‌ಸ್ಟೋನ್. ಚಿನ್ನದ ಪುಡಿ ಉದುರಿಸಿದ ಹಾಗೆ ಎಲ್ಲ ಕಡೆಯೂ ಒಂದೇ ಸಮ ಮಿನುಗುತ್ತಿದ್ದರೆ ಅದು ಗಾಜೆಂದೇ ಅನುಮಾನಿಸಿ. ಪ್ರಕೃತಿ ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡುವುದಿಲ್ಲ.

ಗಾಜೋ, ಕಲ್ಲೋ?

ಚಂದ್ರಕಾಂತದ ಹೆಸರಿನಲ್ಲಿ ಹೆಚ್ಚಾಗಿ ಬರುವ ನಕಲಿ 'ಓಪಲೈಟ್' ಎಂಬ ಹಾಲುಗಾಜು. ಮಾಲ್‌ಗಳಲ್ಲಿ, ಜಾತ್ರೆಯ ಮಳಿಗೆಗಳಲ್ಲಿ, ಪ್ರವಾಸಿ ತಾಣಗಳಲ್ಲಿ ಇದರ ಸರಗಳು ರಾಶಿ ಬಿದ್ದಿರುತ್ತವೆ. ಗಾಜೆಂದು ಗೊತ್ತಿದ್ದು, ಗಾಜಿನ ಬೆಲೆಗೆ ಕೊಂಡರೆ ಅಡ್ಡಿಯಿಲ್ಲ. ಕಲ್ಲಿನ ಬೆಲೆಗೆ ಕೊಂಡರೆ ಮಾತ್ರ ಹೊಟ್ಟೆ ಉರಿಯುತ್ತದೆ. ಅಂಗಡಿಯಲ್ಲೇ ನೀವು ಮಾಡಬಹುದಾದ ಪರೀಕ್ಷೆಗಳು ಇವು:

* ಒಂದೇ ದೀಪದ ಕೆಳಗೆ ಕಲ್ಲನ್ನು ನಿಧಾನವಾಗಿ ತಿರುಗಿಸಿ. ಅಸಲಿ ಕಲ್ಲಿನಲ್ಲಿ ಬೆಳಕು ಜಾಗ ಬದಲಿಸುತ್ತದೆ, ಒಂದು ಕೋನದಲ್ಲಿ ಮಾಯವೂ ಆಗುತ್ತದೆ. ಓಪಲೈಟ್‌ನಲ್ಲಿ ನೀಲಿ ಛಾಯೆ ಎಲ್ಲ ಕಡೆಯಿಂದಲೂ ಒಂದೇ ಥರ.
* ಕಪ್ಪು ಬಟ್ಟೆಯ ಮೇಲಿಟ್ಟು ನೋಡಿ, ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಓಪಲೈಟ್ ಕಪ್ಪಿನ ಮೇಲೆ ನೀಲಿಯಾಗಿ, ಬೆಳಕಿಗೆ ಹಿಡಿದಾಗ ಕಿತ್ತಳೆ-ಹಳದಿಯಾಗಿ ಕಾಣುತ್ತದೆ.
* ಭೂತಗನ್ನಡಿ ಕೇಳಿ. ಒಳಗೆ ದುಂಡನೆಯ ಗುಳ್ಳೆಗಳಿದ್ದರೆ ಗಾಜು. ಚಂದ್ರಕಾಂತದಲ್ಲಿ ಶತಪದಿ ಹುಳುವಿನ ಆಕಾರದ ಸಣ್ಣ ಬಿರುಕುಗಳು ಕೆಲವೊಮ್ಮೆ ಕಾಣುತ್ತವೆ. ಅವು ಕಲ್ಲಿನ ಹುಟ್ಟುಗುರುತು. ತೀರಾ ಮೇಲ್ಮೈವರೆಗೆ ಬಂದ ಬಿರುಕಿದ್ದರೆ ಮಾತ್ರ ಬೇಡ.
* ಉಂಗುರದ ಹಿಂಭಾಗ ಮುಚ್ಚಿದ್ದರೆ ಕಾರಣ ಕೇಳಿ. ಕಲ್ಲಿನ ತಳಕ್ಕೆ ಕಪ್ಪು ಬಳಿದು ನೀಲಿ ಹೊಳಪನ್ನು ಎತ್ತಿ ತೋರಿಸುವುದುಂಟು.

ಚಾಕುವಿನಿಂದ ಗೀರಿ ನೋಡುವುದು, ಬೆಂಕಿಗೆ ಹಿಡಿಯುವುದು ಬೇಡವೇ ಬೇಡ. ಅಸಲಿಯಾಗಿದ್ದರೂ ಕಲ್ಲು ಹಾಳು. ಹೆಚ್ಚಿನ ಬೆಲೆಯದಾದರೆ ರತ್ನ ಪರೀಕ್ಷಾ ಪ್ರಯೋಗಾಲಯದ ವರದಿ ಕೇಳಿ. ಅದರಲ್ಲಿ ಜಾತಿ 'ಫೆಲ್ಡ್‌ಸ್ಪಾರ್', ಬಗೆ 'ಮೂನ್‌ಸ್ಟೋನ್' ಎಂದಿರಬೇಕು. 'ಲ್ಯಾಬ್ರಡೊರೈಟ್' ಎಂದಿದ್ದರೆ ಅದು ಮೇಲೆ ಹೇಳಿದ ದಾಯಾದಿ.

ಬಿಲ್ಲಿನಲ್ಲಿ ಕಣ್ಣಿಡಿ

ಚಿನ್ನದಲ್ಲಿ ಕಟ್ಟಿಸಿದ ಕಲ್ಲಾದರೆ ಒಂದು ಲೆಕ್ಕ ತಪ್ಪದೆ ಮಾಡಿ. ಕಲ್ಲನ್ನು ಕ್ಯಾರೆಟ್‌ನಲ್ಲಿ ತೂಗುತ್ತಾರೆ. 5 ಕ್ಯಾರೆಟ್ ಅಂದರೆ 1 ಗ್ರಾಂ. ಕಲ್ಲಿನ ತೂಕವನ್ನು ಚಿನ್ನದ ತೂಕದೊಳಗೆ ಸೇರಿಸಿಬಿಟ್ಟರೆ ನೀವು ಕಲ್ಲಿಗೆ ಗ್ರಾಮಿಗಿಷ್ಟು ಎಂದು ಚಿನ್ನದ ದರ ಕೊಟ್ಟ ಹಾಗೆ! ಬಿಲ್ಲಿನಲ್ಲಿ ಒಟ್ಟು ತೂಕ, ಕಲ್ಲಿನ ತೂಕ, ಚಿನ್ನದ ನಿವ್ವಳ ತೂಕ ಮೂರೂ ಬೇರೆ ಬೇರೆ ಇರಲಿ. ಕಲ್ಲಿನ ಹೆಸರೂ ಇರಲಿ. ಬರೀ 'ಸ್ಟೋನ್' ಎಂದು ಬರೆದರೆ ಒಪ್ಪಬೇಡಿ.

ಹಾಲ್‌ಮಾರ್ಕ್ ಇದೆಯಲ್ಲ ಎಂದು ನಿಶ್ಚಿಂತೆಯಿಂದಿರಬೇಡಿ. 2021ರಿಂದ ಹಂತಹಂತವಾಗಿ ಕಡ್ಡಾಯವಾದ ಹಾಲ್‌ಮಾರ್ಕ್ ಚಿನ್ನದ ಶುದ್ಧತೆಗೆ ಸಾಕ್ಷಿ, ಕಲ್ಲಿನ ಅಸಲಿತನಕ್ಕಲ್ಲ. ಇನ್ನೊಂದು ಮಾತು. ಹಳೆಯ ಒಡವೆ ಮಾರಲು ಹೋದರೆ ಕಲ್ಲನ್ನು ಕಳೆದು ಚಿನ್ನಕ್ಕೆ ಮಾತ್ರ ಬೆಲೆ ಕಟ್ಟುವುದೇ ಸಾಮಾನ್ಯ ಪದ್ಧತಿ. ಆದ್ದರಿಂದ ಚಂದ್ರಕಾಂತವನ್ನು 'ಮುಂದೆ ಆಪತ್ಕಾಲಕ್ಕಾಗುತ್ತೆ' ಎಂದು ಕೊಳ್ಳಬೇಡಿ. ಉಳಿತಾಯಕ್ಕೆ ಬೇರೆ ದಾರಿಗಳಿವೆ. ಇದು ಇಷ್ಟಪಟ್ಟು ಹಾಕಿಕೊಳ್ಳುವುದಕ್ಕೆ.

ಮುಟ್ಟಿನ ತೊಂದರೆಗೆ ಕಲ್ಲು ಮದ್ದೇ?

ಜ್ಯೋತಿಷ್ಯದಲ್ಲಿ ಚಂದ್ರನ ರತ್ನ ಮುತ್ತು. ಅದರ ಬದಲಿಗೆ ಉಪರತ್ನವಾಗಿ ಚಂದ್ರಕಾಂತ ಧರಿಸುವವರಿದ್ದಾರೆ. ನಂಬಿಕೆ ಅವರವರಿಗೆ ಬಿಟ್ಟದ್ದು. ಆದರೆ ಈ ಕಲ್ಲನ್ನು 'ಹೆಂಗಸರ ಕಲ್ಲು' ಎಂದು ಕರೆದು, ಹಾರ್ಮೋನು ಸರಿಹೋಗುತ್ತದೆ, ಮುಟ್ಟು ಕ್ರಮವಾಗುತ್ತದೆ, ಬೇಗ ಗರ್ಭ ನಿಲ್ಲುತ್ತದೆ, ನಿದ್ದೆ ಬರುತ್ತದೆ ಎಂದು ಮಾರುವವರ ವಿಷಯದಲ್ಲಿ ಹುಷಾರಾಗಿರಿ. ಇದಕ್ಕೆ ವೈಜ್ಞಾನಿಕ ಆಧಾರ ಇಲ್ಲ.

ಮುಟ್ಟು ಏರುಪೇರಾಗಲು ಥೈರಾಯ್ಡ್ ಇರಬಹುದು, ಅಂಡಾಶಯದ ತೊಂದರೆ ಇರಬಹುದು, ಅತಿಯಾದ ರಕ್ತಸ್ರಾವದಿಂದ ರಕ್ತಹೀನತೆ ಬಂದಿರಬಹುದು. ಇವೆಲ್ಲ ಪರೀಕ್ಷೆಯಿಂದ ಗೊತ್ತಾಗುವಂಥವು, ಚಿಕಿತ್ಸೆ ಇರುವಂಥವು. ಉಂಗುರ ಹಾಕಿಕೊಂಡು ಆರು ತಿಂಗಳು ಕಾದು ನೋಡೋಣ ಅನ್ನುವಷ್ಟರಲ್ಲಿ ತೊಂದರೆ ದೊಡ್ಡದಾಗಿರುತ್ತದೆ. ಮಗುವಿಗಾಗಿ ಕಾಯುತ್ತಿರುವವರಿಗಂತೂ ಆರು ತಿಂಗಳು ಸಣ್ಣ ಅವಧಿಯಲ್ಲ. ಉಂಗುರ ಹಾಕಿಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಸ್ತ್ರೀರೋಗ ತಜ್ಞರ ಹತ್ತಿರ ಹೋಗುವುದನ್ನು ಮುಂದೂಡಬೇಡಿ, ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ.

ಆರೈಕೆ ಹೀಗಿರಲಿ

* ಉಗುರುಬೆಚ್ಚಗಿನ ನೀರಿಗೆ ಎರಡು ಹನಿ ಬೇಬಿ ಶಾಂಪೂ ಹಾಕಿ, ಮೆತ್ತನೆಯ ಬ್ರಶ್‌ನಿಂದ ಹಗುರವಾಗಿ ತೊಳೆಯಿರಿ. ಹತ್ತಿ ಬಟ್ಟೆಯಲ್ಲಿ ಒತ್ತಿ ಒರೆಸಿ. ಧೂಳಿದ್ದಾಗ ಒಣಬಟ್ಟೆಯಲ್ಲಿ ಉಜ್ಜಬೇಡಿ.
* ಬೂದಿ, ಹಲ್ಲುಪುಡಿ, ಪಾತ್ರೆ ತಿಕ್ಕುವ ಪುಡಿ ಹಾಕಿ ತಿಕ್ಕಬೇಡಿ. ಬೆಳ್ಳಿ ಬೆಳಗಾಗುತ್ತದೆ, ಕಲ್ಲು ಕುರುಡಾಗುತ್ತದೆ.
* ಒಡವೆ ಅಂಗಡಿಗಳಲ್ಲಿ ಅಲ್ಟ್ರಾಸೋನಿಕ್ ಯಂತ್ರದಲ್ಲಿ, ಹಬೆಯಲ್ಲಿ ತೊಳೆಯುವುದುಂಟು. ಚಂದ್ರಕಾಂತಕ್ಕೆ ಇವೆರಡೂ ಆಗದು. ಕೊಡುವ ಮುಂಚೆಯೇ ಹೇಳಿ.
* ತಟ್ಟನೆ ಬಿಸಿ, ತಟ್ಟನೆ ತಂಪು ಈ ಕಲ್ಲಿಗೆ ಶತ್ರು. ಒಲೆಯ ಮುಂದಿದ್ದ ಕೈಯನ್ನು ತಣ್ಣೀರಿಗೆ ಇಡುವುದೇ ಬಿರುಕಿಗೆ ಕಾರಣವಾಗಬಹುದು.
* ಬ್ಲೀಚ್, ಬಚ್ಚಲು ತೊಳೆಯುವ ಆಸಿಡ್ ಮುಟ್ಟುವಾಗ ಉಂಗುರ ತೆಗೆದಿಡಿ. ಬ್ಲೀಚ್ ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ.
* ಉಂಗುರ ಬಿಗಿಯಾಯಿತೆಂದು ಅಕ್ಕಸಾಲಿಗರ ಹತ್ತಿರ ಕೊಟ್ಟರೆ, ಬೆಸುಗೆಗೆ ಮುಂಚೆ ಕಲ್ಲನ್ನು ಬಿಡಿಸಲು ಹೇಳಿ. ಬೆಸುಗೆಯ ಜ್ವಾಲೆ ತಾಗಿದರೆ ಕಲ್ಲು ಉಳಿಯುವುದು ಕಷ್ಟ.
* ವಜ್ರದ ಓಲೆ, ಕೆಂಪಿನ ಅಡ್ಡಿಗೆ ಇರುವ ಡಬ್ಬಿಯಲ್ಲೇ ಇದನ್ನು ಹಾಕಬೇಡಿ. ಮೆತ್ತನೆಯ ಬಟ್ಟೆಚೀಲದಲ್ಲಿ ಪ್ರತ್ಯೇಕ ಇಡಿ.

ಈಗಾಗಲೇ ನಿಮ್ಮ ಹತ್ತಿರ ಇರುವ ಕಲ್ಲು ಮಂಕಾಗಿದ್ದರೆ ಎಸೆಯಬೇಡಿ. ಮಂಕಾಗಿರುವುದು ಮೇಲ್ಮೈ ಮಾತ್ರ, ಒಳಗಿನ ಪದರಗಳು ಹಾಗೇ ಇರುತ್ತವೆ. ಕಲ್ಲಿಗೆ ಸಾಣೆ ಹಿಡಿಯುವವರ ಹತ್ತಿರ ಕೊಟ್ಟರೆ ಮೇಲಿನ ಒಂದು ಎಳೆ ಸವೆಸಿ ಮತ್ತೆ ಪಾಲಿಶ್ ಮಾಡಿಕೊಡುತ್ತಾರೆ. ತೂಕ ಸ್ವಲ್ಪ ಕಡಿಮೆಯಾಗುತ್ತದೆ, ಹೊಳಪು ಮರಳುತ್ತದೆ. ಹೇಗೂ ಕಲ್ಲು ಬಿಚ್ಚಿಸುತ್ತೀರಿ, ಮತ್ತೆ ಉಂಗುರಕ್ಕೇ ಕೂರಿಸುವ ಬದಲು ಒಂದು ಪೆಂಡೆಂಟ್ ಮಾಡಿಸಿ. ಅಮ್ಮನ ಉಂಗುರದ ಕಲ್ಲು ಮಗಳ ಕೊರಳಿಗೆ ಬಂದರೆ ಇನ್ನೂ ಬಹಳ ಕಾಲ ಬಾಳುತ್ತದೆ.